ಒಂದು ನಿಮಿಷಕ್ಕೆ ಎಷ್ಟು ಅಕ್ಷರ? ಶಾಲಾ ಮನಃಶಾಸ್ತ್ರದ ಸಂಶೋಧನೆಗೆ ಇಳಿಯುವವರಿಗೆ

1896ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಲೈಟ್ನರ್ ವಿಟ್ಮರ್ ಅವರ ಹತ್ತಿರ ಶಾಲೆಯ ಟೀಚರೊಬ್ಬರು ಒಬ್ಬ ಹುಡುಗನನ್ನು ಕರೆತಂದರು. ಹುಡುಗ ದಡ್ಡನಲ್ಲ, ಆದರೆ ಸ್ಪೆಲಿಂಗ್ ಮಾತ್ರ ಹತ್ತುತ್ತಿರಲಿಲ್ಲ. ಪರೀಕ್ಷಿಸಿ ನೋಡಿದರೆ ಕಣ್ಣಿನ ದೋಷವೂ ಇತ್ತು. ಕನ್ನಡಕ ಹಾಕಿಸಿ ಪಾಠ ಶುರು ಮಾಡಿದರು. ಶಾಲಾ ಮನಃಶಾಸ್ತ್ರ ತನ್ನ ಹುಟ್ಟನ್ನು ಎಣಿಸುವುದು ಇಲ್ಲಿಂದ. ‘ಸ್ಕೂಲ್ ಸೈಕಾಲಜಿಸ್ಟ್’ ಎಂಬ ಹುದ್ದೆಯ ಹೆಸರು ಬಂದದ್ದು 1915ರಲ್ಲಿ, ಕನೆಕ್ಟಿಕಟ್ ರಾಜ್ಯದಲ್ಲಿ ಆರ್ನಾಲ್ಡ್ ಗೆಸೆಲ್ ಅವರಿಗೆ.

ಈ ಬರಹ ದಾವಣಗೆರೆ, ಚಿತ್ರದುರ್ಗದ ಕಡೆ ಮನಃಶಾಸ್ತ್ರದಲ್ಲಿ ಎಂ.ಎ., ಎಂ.ಎಸ್ಸಿ. ಅಥವಾ ಎಂ.ಎಡ್. ಮುಗಿಸಿ, ಮುಂದೆ ಪಿಎಚ್‌.ಡಿ. ಮಾಡಿ ಇದೇ ಕ್ಷೇತ್ರದಲ್ಲಿ ಪಾಠ ಹೇಳುವ ಆಸೆ ಇರುವವರಿಗೆ. ಮೊದಲ ಅಧ್ಯಯನ ಹೇಗೆ ಮಾಡಬೇಕು ಎನ್ನುವುದಕ್ಕೇ ಇಲ್ಲಿ ಹೆಚ್ಚು ಜಾಗ. ಉದ್ಯೋಗದ ನಿಯಮಗಳು ಎಲ್ಲಿ ಬೇಕಾದರೂ ಸಿಗುತ್ತವೆ, ಅವನ್ನು ಬೇಗ ಮುಗಿಸೋಣ.

ಸಹಾಯಕ ಪ್ರಾಧ್ಯಾಪಕರಾಗಲು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಸ್ನಾತಕೋತ್ತರದಲ್ಲಿ 55% ಅಂಕ, ಜೊತೆಗೆ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ನೆಟ್ ಅಥವಾ ರಾಜ್ಯದ ಕೆ-ಸೆಟ್ ಬೇಕು. ನಿಯಮದಂತೆ ಪಡೆದ ಪಿಎಚ್‌.ಡಿ. ಇದ್ದರೆ ಆ ಪರೀಕ್ಷೆಗಳಿಂದ ವಿನಾಯಿತಿ ಇದೆ. ನೆಟ್‌ನಲ್ಲಿ ಎರಡು ಪತ್ರಿಕೆ: 50 ಪ್ರಶ್ನೆಯದೊಂದು, 100 ಪ್ರಶ್ನೆಯದೊಂದು, ಒಟ್ಟು 300 ಅಂಕ, 3 ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಮನಃಶಾಸ್ತ್ರದ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಬರುತ್ತದೆ. ಹಾಗಾಗಿ ಕನ್ನಡ ಮಾಧ್ಯಮದಲ್ಲಿ ಓದಿದವರು ಪರಿಭಾಷೆಯನ್ನು ಎರಡೂ ಕಡೆ ಕಲಿತುಕೊಳ್ಳಬೇಕು. ಪಿಎಚ್‌.ಡಿ.ಗೆ 2022ರ ನಿಯಮದಂತೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮಹಿಳೆಯರಿಗೆ ಇನ್ನೂ 2 ವರ್ಷ ಸಿಗಬಹುದು. ಸಹ ಪ್ರಾಧ್ಯಾಪಕರಾಗಲು ಪಿಎಚ್‌.ಡಿ., 8 ವರ್ಷದ ಅನುಭವ ಮತ್ತು 7 ಪ್ರಕಟಣೆ. ಪ್ರಾಧ್ಯಾಪಕರಾಗಲು 10 ವರ್ಷ, 10 ಪ್ರಕಟಣೆ. ಶಾಲಾ ಮನಃಶಾಸ್ತ್ರ ಎಂಬ ಪ್ರತ್ಯೇಕ ವಿಭಾಗವನ್ನು ನಮ್ಮಲ್ಲಿ ಹುಡುಕಿಕೊಂಡು ಕೂರಬೇಡಿ. ಹೆಚ್ಚಿನವರು ಮನಃಶಾಸ್ತ್ರ ಅಥವಾ ಶಿಕ್ಷಣಶಾಸ್ತ್ರ ವಿಭಾಗದಲ್ಲೇ ಇದ್ದುಕೊಂಡು ಈ ಕೆಲಸ ಮಾಡುತ್ತಾರೆ. ಮಾರ್ಗದರ್ಶಕರನ್ನು ಆರಿಸುವಾಗ ಅವರು ಶಾಲೆಗೆ ಹೋಗಿ ಮಕ್ಕಳ ಜೊತೆ ಕೂತಿದ್ದಾರೆಯೇ ಎಂದು ನೋಡಿ. ಅದು ವಿಭಾಗದ ಹೆಸರಿಗಿಂತ ಮುಖ್ಯ.

ಇನ್ನೊಂದು ಗೆರೆಯನ್ನು ಈಗಲೇ ಎಳೆದುಕೊಳ್ಳಿ. ಪಿಎಚ್‌.ಡಿ. ಇದ್ದ ಮಾತ್ರಕ್ಕೆ ಮಗುವಿಗೆ ‘ನಿರ್ದಿಷ್ಟ ಕಲಿಕಾ ನ್ಯೂನತೆ’ಯ (ಡಿಸ್ಲೆಕ್ಸಿಯಾದಂಥದ್ದರ) ಪ್ರಮಾಣಪತ್ರ ಕೊಡುವಂತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಅದೂ ಒಂದು. ಅದನ್ನು ನಿರ್ಧರಿಸುವುದು ವೈದ್ಯರು ಮತ್ತು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟ್ ಇರುವ ತಂಡ. ನಿಮ್ಮ ಕೆಲಸ ಅಳೆಯುವುದು, ಪಾಠದಲ್ಲಿ ಏನು ಬದಲಿಸಿದರೆ ಏನಾಗುತ್ತದೆ ಎಂದು ನೋಡುವುದು, ಅಗತ್ಯ ಬಿದ್ದರೆ ಜಿಲ್ಲಾ ಆಸ್ಪತ್ರೆಗೆ ಕಳಿಸುವುದು.

ಪ್ರಶ್ನೆ ಚಿಕ್ಕದಿರಲಿ

ಭಾರತದ ಪಿಎಚ್‌.ಡಿ. ಪ್ರಬಂಧಗಳ ಜಾಲಸಂಗ್ರಹ ‘ಶೋಧಗಂಗಾ’ದಲ್ಲಿ ಒಂದು ಸಂಜೆ ಕೂತು ಹಳೆಯ ಪ್ರಬಂಧಗಳ ಹೆಸರು ಓದಿ. ‘ಪ್ರೌಢಶಾಲಾ ವಿದ್ಯಾರ್ಥಿಗಳ ಸ್ವಾಭಿಮಾನ ಮತ್ತು ಶೈಕ್ಷಣಿಕ ಸಾಧನೆಯ ಸಂಬಂಧ’ ಎಂಬ ಜಾತಿಯವು ಸಾಲುಗಟ್ಟಿ ಸಿಗುತ್ತವೆ. ಹೊರದೇಶದ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತಿರುಗಿಸಿ, 300 ಮಕ್ಕಳಿಗೆ ಹಂಚಿ, ಸಹಸಂಬಂಧ ಲೆಕ್ಕ ಹಾಕಿ ಮುಗಿಸುವ ಕೆಲಸ ಇದು. ಅಂಥ ಪ್ರಬಂಧದಿಂದ ನಾಲ್ಕನೇ ತರಗತಿಯ ಮೇಷ್ಟ್ರಿಗೆ ನಾಳೆ ಬೆಳಗ್ಗೆ ಮಾಡಲು ಏನೂ ಸಿಗುವುದಿಲ್ಲ.

ಮಿನ್ನೆಸೋಟ ವಿಶ್ವವಿದ್ಯಾಲಯದ ಸ್ಟಾನ್ಲಿ ಡೆನೊ ಬೇರೆ ದಾರಿ ಹಿಡಿದರು. ಮಗುವಿಗೆ ಒಂದು ಪಠ್ಯ ಕೊಡು, ಒಂದು ನಿಮಿಷ ಗಟ್ಟಿಯಾಗಿ ಓದಿಸು, ಸರಿಯಾಗಿ ಓದಿದ ಪದ ಎಣಿಸು, ವಾರಕ್ಕೆರಡು ಸಲ ಹೀಗೆ ಮಾಡಿ ಗ್ರಾಫ್ ಎಳೆ. ಪಠ್ಯಕ್ರಮ ಆಧಾರಿತ ಮಾಪನ ಎನ್ನುವುದು ಇದನ್ನೇ. ಖರ್ಚಿಲ್ಲ, ಮೂರು ನಿಮಿಷದ ಕೆಲಸ, ಮತ್ತೆ ಮತ್ತೆ ಮಾಡಬಹುದು. ನಿಮ್ಮ ಮೊದಲ ಅಧ್ಯಯನಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಆದರೆ ಕನ್ನಡಕ್ಕೆ ತರುವಾಗ ಒಂದು ಕಡೆ ಎಡವುತ್ತೀರಿ. ಅದನ್ನು ಬಿಡಿಸಿ ಹೇಳಬೇಕು.

ಪದ ಎಣಿಸಬೇಡಿ, ಅಕ್ಷರ ಎಣಿಸಿ

ಇಂಗ್ಲಿಷ್ ಪದ ಗಿಡ್ಡ, ನಮ್ಮದು ಒಂದಕ್ಕೊಂದು ಅಂಟಿ ಬೆಳೆಯುವ ಭಾಷೆ. ‘ಮನೆಯವರೊಂದಿಗೆ’ ಒಂದೇ ಪದ, ಏಳು ಅಕ್ಷರ. ‘ಆಗ ಅವ ಬಂದ’ ಮೂರು ಪದ, ಆರು ಅಕ್ಷರ. ಪದ ಎಣಿಸಿದರೆ ಎರಡನೆಯದನ್ನು ಓದಿದ ಮಗುವಿಗೆ ಮೂರು ಅಂಕ, ಮೊದಲನೆಯದನ್ನು ಓದಿದ ಮಗುವಿಗೆ ಒಂದು. ಸೋಮವಾರದ ಪಠ್ಯದಲ್ಲಿ ಉದ್ದ ಪದ ಹೆಚ್ಚು ಬಿದ್ದರೆ ಮಗು ಹಿಂದೆ ಬಿದ್ದಂತೆ ಕಾಣುತ್ತದೆ. ಹಿಂದೆ ಬಿದ್ದದ್ದು ನಿಮ್ಮ ಅಳತೆಗೋಲು.

ಎಣಿಸುವ ಕೆಲಸವನ್ನು ಎಕ್ಸೆಲ್‌ಗೆ ಬಿಟ್ಟರೂ ಮೋಸ. ಯೂನಿಕೋಡ್‌ನಲ್ಲಿ ‘ಲಕ್ಷ್ಮಿ’ ಎಂದರೆ ಕಂಪ್ಯೂಟರಿಗೆ ಏಳು ಸಂಕೇತ, ನಮಗೆ ಎರಡೇ ಅಕ್ಷರ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಫೈಲಾದರೆ ಲೆಕ್ಕ ಇನ್ನೂ ಹದಗೆಡುತ್ತದೆ. ಯೂನಿಕೋಡ್‌ಗೆ ಬದಲಿಸಿ, ಪ್ರತಿ ಪಠ್ಯವನ್ನು ಇಬ್ಬರು ಬೇರೆ ಬೇರೆಯಾಗಿ ಕೈಯಲ್ಲೇ ಎಣಿಸಿ ತಾಳೆ ನೋಡಿ. ಪ್ರತಿ ಸಾಲಿನ ಕೊನೆಗೆ ಅಲ್ಲಿಯವರೆಗಿನ ಮೊತ್ತ ಬರೆದ ಪ್ರತಿ ನಿಮ್ಮ ಕೈಯಲ್ಲಿರಲಿ. ಮಗುವಿನ ಪ್ರತಿಯಲ್ಲಿ ಅಂಕಿಗಳು ಇರಕೂಡದು.

ಅಕ್ಷರಗಳಲ್ಲೂ ಎಲ್ಲವೂ ಒಂದೇ ತೂಕದವಲ್ಲ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದಂತೆ, ನಮ್ಮ ಅಕ್ಷರಗಳ ಕಲಿಕೆ ಒಂದೆರಡು ವರ್ಷದಲ್ಲಿ ಮುಗಿಯುವಂಥದ್ದಲ್ಲ, ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ. ಮೂಲಾಕ್ಷರ ಬೇಗ ಬರುತ್ತದೆ, ಗುಣಿತ ಆಮೇಲೆ, ಒತ್ತಕ್ಷರ ಎಲ್ಲಕ್ಕಿಂತ ತಡ. ಆದ್ದರಿಂದ ಪಠ್ಯಗಳು ಸಮತೂಕವಾಗಬೇಕಾದರೆ ಒತ್ತಕ್ಷರದ ಪ್ರಮಾಣ ಹಿಡಿತದಲ್ಲಿರಬೇಕು. ನಾಲ್ಕನೇ ತರಗತಿಯ ಪಠ್ಯಪುಸ್ತಕದ 10 ಪುಟ ತೆಗೆದು ಪ್ರತಿ 100 ಅಕ್ಷರಕ್ಕೆ ಎಷ್ಟು ಒತ್ತಕ್ಷರ ಬರುತ್ತದೆ ಎಂದು ಎಣಿಸಿ ಸರಾಸರಿ ತೆಗೆಯಿರಿ. ನೀವು ಬರೆಯುವ ಪ್ರತಿ ಪಠ್ಯ ಆ ಸರಾಸರಿಯಿಂದ ಎರಡು ಮೇಲೆ ಅಥವಾ ಎರಡು ಕೆಳಗೆ, ಅಷ್ಟರೊಳಗೆ ಇರಲಿ.

ಪಠ್ಯದ ಉದ್ದ ಸುಮಾರು 350 ಅಕ್ಷರ. ಮಗು ನಿಮಿಷದೊಳಗೆ ಮುಗಿಸಿಬಿಟ್ಟರೆ ಸರಿಯಾದ ಅಕ್ಷರಗಳನ್ನು 60ರಿಂದ ಗುಣಿಸಿ, ತೆಗೆದುಕೊಂಡ ಸೆಕೆಂಡಿನಿಂದ ಭಾಗಿಸಿ. ಅಕ್ಷರದ ಗಾತ್ರ 18 ಪಾಯಿಂಟ್, ಸಾಲುಗಳ ನಡುವೆ ಒತ್ತಕ್ಷರ ತಾಗದಷ್ಟು ಅಂತರ, ಚಿತ್ರ ಬೇಡ. ವಿಷಯ ಮಕ್ಕಳು ಕಂಡದ್ದಿರಲಿ: ಈರುಳ್ಳಿ ಚೀಲ ಹೊಲಿಯುವುದು, ಮಂಡಕ್ಕಿ ಭಟ್ಟಿ, ಕೆರೆ ಕೋಡಿ ಬೀಳುವುದು, ಶೇಂಗಾ ಬಿಡಿಸುವುದು. ಪಠ್ಯಪುಸ್ತಕದ ಪಾಠವನ್ನೇ ಎತ್ತಿ ಕೊಡಬೇಡಿ. ಅರ್ಧ ತರಗತಿಗೆ ಅದು ಬಾಯಿಪಾಠ ಬಂದಿರುತ್ತದೆ, ನೀವು ಅಳೆದದ್ದು ಓದು ಅಲ್ಲ, ನೆನಪು ಎಂದಾಗುತ್ತದೆ.

30 ಪಠ್ಯ ಬರೆಯಿರಿ. ಅಧ್ಯಯನಕ್ಕೆ ಸೇರದ ಬೇರೊಂದು ಶಾಲೆಯ 20 ಮಕ್ಕಳಿಂದ ಓದಿಸಿ, ದಿನಕ್ಕೆ ಐದರಂತೆ ಆರು ದಿನ, ಪ್ರತಿ ಮಗುವಿಗೆ ಕ್ರಮ ಬೇರೆ. ಎಲ್ಲರಿಗೂ ಒಂದೇ ಕ್ರಮ ಕೊಟ್ಟರೆ ಕೊನೆಯ ಪಠ್ಯಗಳು ಸುಲಭ ಎಂದು ತೋರುತ್ತವೆ. ಮಕ್ಕಳು ಪಳಗಿರುತ್ತಾರೆ, ಅಷ್ಟೇ. ಸರಾಸರಿಯಿಂದ ತೀರಾ ದೂರ ನಿಂತ ಆರನ್ನು ಕೈಬಿಡಿ. ಉಳಿದ 24 ನಿಮ್ಮ ಬಂಡವಾಳ. ಅವು ಎಲ್ಲೂ ಸೋರಿಕೆಯಾಗಬಾರದು, ವಾಟ್ಸಾಪ್ ಗ್ರೂಪಿಗಂತೂ ಹೋಗಲೇಬಾರದು.

ಆ ಒಂದು ನಿಮಿಷ

ಮೊದಲು ಕಣ್ಣು, ಕಿವಿ. ಆರ್‌ಬಿಎಸ್‌ಕೆ ಎಂಬ ಸರ್ಕಾರಿ ಮಕ್ಕಳ ಆರೋಗ್ಯ ಯೋಜನೆಯ ತಂಡ ಶಾಲೆಗೆ ಬಂದಾಗಿನ ತಪಾಸಣೆಯ ದಾಖಲೆಯನ್ನು ಮುಖ್ಯ ಶಿಕ್ಷಕರಲ್ಲಿ ಕೇಳಿ. ಇಲ್ಲದಿದ್ದರೆ ಆಸ್ಪತ್ರೆಯಲ್ಲಿ ತೋರಿಸುವ ವ್ಯವಸ್ಥೆ ಮಾಡಿ. ವಿಟ್ಮರ್ ಅವರ ಹುಡುಗನನ್ನು ಮರೆಯಬೇಡಿ. ಬೋರ್ಡ್ ಕಾಣದ ಮಗುವನ್ನು ‘ನಿಧಾನ ಕಲಿಕೆಯ ಮಗು’ ಎಂದು ಪಟ್ಟಿಗೆ ಸೇರಿಸಿದರೆ ಇಡೀ ಅಧ್ಯಯನ ಕೆಟ್ಟಂತೆ.

ಜಾಗ: ವರಾಂಡದ ಮೂಲೆ ಸಾಕು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬಂಟಿ ಮಗುವಿನ ಜೊತೆ ಕೂರಬೇಡಿ. ಯಾರಿಗಾದರೂ ಕಾಣುವಂತಿರಲಿ, ಆದರೆ ಓದು ಬೇರೆ ಮಕ್ಕಳಿಗೆ ಕೇಳಿಸದಷ್ಟು ದೂರ. ಹಾಲು ಕೊಡುವ ಹೊತ್ತಿಗೆ, ಬಿಸಿಯೂಟದ ಗಂಟೆಗೆ, ಆಟದ ಪೀರಿಯಡ್ಡಿಗೆ ಕರೆಯಬೇಡಿ. ಓದುವುದು ಶಿಕ್ಷೆ ಎಂದು ಮಗುವಿಗೆ ಅನ್ನಿಸಿದ ದಿನ ನಿಮ್ಮ ಅಂಕಿ ಇಳಿಯುತ್ತದೆ.

ಪ್ರತಿ ಸಲವೂ ಒಂದೇ ಮಾತು ಹೇಳಿ, ಬರೆದಿಟ್ಟುಕೊಂಡು: ‘ಇದನ್ನ ಇಲ್ಲಿಂದ ಗಟ್ಟಿಯಾಗಿ ಓದು. ಯಾವುದಾದ್ರೂ ಅಕ್ಷರ ಬರ್ಲಿಲ್ಲ ಅಂದ್ರೆ ನಾನು ಹೇಳ್ತೀನಿ. ನಿಂಗೆ ಬಂದಷ್ಟು ಚೆನ್ನಾಗಿ ಓದು.’ ‘ಬೇಗ ಓದು’ ಎನ್ನಬೇಡಿ. ಓಡಿಸಿ ಓದಿ ತಪ್ಪು ಹೆಚ್ಚಿಸಿಕೊಳ್ಳುತ್ತಾರೆ. ಮೊದಲ ಅಕ್ಷರ ಬಾಯಿಗೆ ಬಂದಾಗ ಸ್ಟಾಪ್‌ವಾಚ್ ಒತ್ತಿ. ಮಗು 3 ಸೆಕೆಂಡು ತಡೆದು ನಿಂತರೆ ಆ ಪದ ಹೇಳಿಕೊಟ್ಟು ಮುಂದಕ್ಕೆ ಕಳಿಸಿ, ಮಗು ಓದದೆ ಬಿಟ್ಟ ಅಕ್ಷರಗಳನ್ನು ತಪ್ಪೆಂದು ಗೀಟು ಹಾಕಿ. ಬಿಟ್ಟದ್ದು ತಪ್ಪು, ಬದಲಿಸಿ ಓದಿದ್ದೂ ತಪ್ಪು. 3 ಸೆಕೆಂಡಿನೊಳಗೆ ತಾನೇ ತಿದ್ದಿಕೊಂಡರೆ ಸರಿ. ಒಂದೇ ಪದವನ್ನು ಎರಡು ಸಲ ಓದಿದರೆ ತಪ್ಪಲ್ಲ, ಹೋದದ್ದು ಅದರದೇ ಸಮಯ. ನಿಮಿಷ ಮುಗಿದಾಗ ಕೊನೆಯ ಅಕ್ಷರಕ್ಕೆ ಆವರಣ ಹಾಕಿ, ಆದರೆ ವಾಕ್ಯ ಮುಗಿಸಲು ಬಿಡಿ. ಒಟ್ಟು ಅಕ್ಷರದಲ್ಲಿ ತಪ್ಪು ಕಳೆದರೆ ಆ ದಿನದ ಅಂಕ. ಅಧ್ಯಯನಕ್ಕೆ ಮಕ್ಕಳನ್ನು ಆರಿಸುವ ದಿನ ಮಾತ್ರ ಪ್ರಯೋಗದಲ್ಲಿ ಕೈಬಿಟ್ಟ ಪಠ್ಯಗಳಲ್ಲೇ ಮೂರನ್ನು ಓದಿಸಿ, ನಡುವಿನ ಅಂಕ ಹಿಡಿಯಿರಿ. ಒಂದು ದಿನದ ಒಂದು ಅಂಕವನ್ನು ನಂಬಿ ಮಗುವನ್ನು ಆರಿಸಲಾಗದು.

ಉಚ್ಚಾರದ ವಿಚಾರವನ್ನು ಮೊದಲೇ ತೀರ್ಮಾನಿಸಿ ಬರೆದಿಡಿ. ‘ಹ’ಕಾರ ಬಿದ್ದುಹೋಗುವುದು, ‘ಶ’ ‘ಸ’ ಒಂದಾಗುವುದು, ಮಹಾಪ್ರಾಣ ಅಲ್ಪಪ್ರಾಣವಾಗುವುದು ಮನೆಮಾತಿನ ಗುಣ. ಮಗು ಮಾತಾಡುವಾಗಲೂ ಹಾಗೇ ಅಂದರೆ ಅದು ಓದಿನ ತಪ್ಪಲ್ಲ. ‘ಭೂಮಿ’ಯನ್ನು ‘ಬೂಮಿ’ ಎಂದದ್ದಕ್ಕೆ ಗೀಟು ಹಾಕುವ ಪರೀಕ್ಷಕ ಅಳೆಯುತ್ತಿರುವುದು ಓದನ್ನಲ್ಲ, ಊರನ್ನು.

ಮನೆಮಾತು ಯಾವುದು ಎಂದು ತಿಳಿಯಲು ದಾಖಲಾತಿ ವಹಿಯನ್ನು ಮಾತ್ರ ನಂಬಬೇಡಿ. ಚನ್ನಗಿರಿ, ಹೊನ್ನಾಳಿ ಕಡೆಯ ತಾಂಡಾಗಳಲ್ಲಿ ಲಂಬಾಣಿ, ಮೊಳಕಾಲ್ಮೂರು, ಚಳ್ಳಕೆರೆಯ ಹಳ್ಳಿಗಳಲ್ಲಿ ತೆಲುಗು, ದಾವಣಗೆರೆ, ಹರಿಹರದಲ್ಲಿ ಉರ್ದು ಮನೆಯೊಳಗೆ ಓಡಾಡುತ್ತಿರುತ್ತವೆ. ವಹಿಯಲ್ಲಿ ಕನ್ನಡ ಎಂದಿರಬಹುದು. ‘ಅಜ್ಜಿ ಹತ್ರ ಯಾವ ಮಾತಾಡ್ತೀಯಾ?’ ಎಂದು ಮಗುವನ್ನೇ ಕೇಳಿದರೆ ಬಗೆಹರಿಯುತ್ತದೆ.

ನಿಮ್ಮ ಅಂಕ ನಂಬಲರ್ಹ ಎಂದು ತೋರಿಸುವುದು ಹೇಗೆ? ಓದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಪಾಠಕ್ಕೆ ಮೊದಲು, ಪಾಠ ನಡೆಯುವಾಗ, ಹೀಗೆ ಪ್ರತಿ ಹಂತದಲ್ಲೂ ಕನಿಷ್ಠ 20% ರೆಕಾರ್ಡಿಂಗ್‌ಗಳನ್ನು ಇನ್ನೊಬ್ಬರು ನಿಮ್ಮ ಹಾಳೆ ನೋಡದೆ ಅಂಕ ಹಾಕಲಿ. 200 ಅಕ್ಷರದಲ್ಲಿ 188ಕ್ಕೆ ಇಬ್ಬರ ತೀರ್ಮಾನವೂ ಒಂದೇ ಆಗಿದ್ದರೆ ಒಮ್ಮತ 94%. 80%ಕ್ಕಿಂತ ಕೆಳಗಿಳಿದರೆ ನಿಯಮ ಸ್ಪಷ್ಟವಿಲ್ಲ ಎಂದರ್ಥ. ಕೂತು ನಿಯಮ ತಿದ್ದಿ, ಹಳೆಯ ರೆಕಾರ್ಡಿಂಗ್‌ಗಳಿಗೆ ಮತ್ತೆ ಅಂಕ ಹಾಕಿ.

ಮೂರು ಮಕ್ಕಳಿದ್ದರೂ ಸಂಶೋಧನೆಯೇ

ದೊಡ್ಡ ಮಾದರಿ ಇಲ್ಲದಿದ್ದರೆ ಸಂಶೋಧನೆ ಅಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಪ್ರತಿ ಮಗುವನ್ನೂ ಅದರದೇ ಹಿಂದಿನ ಅಳತೆಗೆ ಹೋಲಿಸುವ ಏಕವ್ಯಕ್ತಿ ವಿನ್ಯಾಸ ಅದನ್ನು ಒಪ್ಪುವುದಿಲ್ಲ. ಮೂರು ಮಕ್ಕಳನ್ನು ಆರಿಸಿ, ಎಲ್ಲರನ್ನೂ ಒಂದೇ ವಾರ ಅಳೆಯಲು ಶುರು ಮಾಡಿ, ಆದರೆ ಹೊಸ ಪಾಠವನ್ನು ಬೇರೆ ಬೇರೆ ಹೊತ್ತಿಗೆ ಕೊಡಿ: ಮೊದಲ ಮಗುವಿಗೆ 5 ಅಳತೆಯ ನಂತರ, ಎರಡನೆಯದಕ್ಕೆ 8ರ ನಂತರ, ಮೂರನೆಯದಕ್ಕೆ 11ರ ನಂತರ. ಪಾಠ ಶುರುವಾದಾಗ ಮಾತ್ರ ಆಯಾ ಮಗುವಿನ ಗೆರೆ ಏರಿದರೆ, ಏರಿಕೆಗೆ ಕಾರಣ ಪಾಠ ಎನ್ನಬಹುದು. ಮೂವರದೂ ಒಟ್ಟಿಗೆ ಏರಿದರೆ ಕಾರಣ ಬೇರೆ ಎಲ್ಲೋ ಇದೆ. ಬಹುಶಃ ತರಗತಿಯ ಟೀಚರೇ ಓದಿಸಲು ಶುರು ಮಾಡಿದ್ದಾರೆ. ಸಂತೋಷವೇ, ಆದರೆ ಅಧ್ಯಯನಕ್ಕೆ ಅಲ್ಲ. ಆರಂಭದ ಅಳತೆಯಲ್ಲೇ ಗೆರೆ ಮೇಲಕ್ಕೆ ಹೋಗುತ್ತಿರುವ ಮಗುವಿಗೆ ಪಾಠ ಶುರು ಮಾಡಬೇಡಿ, ಗೆರೆ ಮಟ್ಟಸವಾಗುವವರೆಗೆ ಕಾಯಿರಿ.

ಪಾಠ ದಿನಕ್ಕೆ 20 ನಿಮಿಷ, ವಾರಕ್ಕೆ 4 ದಿನ. ಮೊದಲ 5 ನಿಮಿಷ 10 ಒತ್ತಕ್ಷರ ಕಾರ್ಡು, ಏಳು ಬರುವವು, ಮೂರು ಬಾರದವು. ಎಲ್ಲವೂ ಬಾರದವೇ ಆದರೆ ಮಗು ಎರಡನೇ ದಿನಕ್ಕೆ ತಲೆನೋವು ಎನ್ನುತ್ತದೆ. ಆಮೇಲೆ ನೀವು ಒಂದು ತುಣುಕು ಓದಿ, ಮಗು ಬೆರಳಿಟ್ಟು ನೋಡಲಿ. ಬಳಿಕ ಅದೇ ತುಣುಕನ್ನು ಮಗು ಮೂರು ಸಲ ಓದಲಿ, ಪ್ರತಿ ಸಲ ತಪ್ಪಿದ ಪದವನ್ನು ಅಲ್ಲೇ ಹೇಳಿಕೊಡಿ. ಕೊನೆಗೆ ಅರ್ಥದ ಮೂರು ಪ್ರಶ್ನೆ. ಪಾಠಕ್ಕೆ ಬಳಸುವ ತುಣುಕು ಬೇರೆ, ಅಳತೆಯ 24 ಪಠ್ಯ ಬೇರೆ. ಇವೆರಡು ಬೆರೆತರೆ ಎಲ್ಲ ಮುಗಿಯಿತು. ಹಂತಗಳನ್ನು ಪಟ್ಟಿ ಮಾಡಿ ಇನ್ನೊಬ್ಬರಿಂದ ಆಗಾಗ ಟಿಕ್ ಹಾಕಿಸಿ, ಪಾಠ ಹೇಳಿದಂತೆಯೇ ನಡೆಯಿತು ಎನ್ನಲು ಅದೇ ಸಾಕ್ಷಿ.

ಪ್ರತಿ ಮಗುವಿಗೆ, ಈಗಿನ ಅಂಕದಿಂದ ಕೊನೆಗೆ ಮುಟ್ಟಬೇಕಾದ ಅಂಕದವರೆಗೆ, ಗುರಿಯ ಗೆರೆ ಎಳೆದಿಡಿ. ಸತತ ನಾಲ್ಕು ಅಳತೆ ಆ ಗೆರೆಯ ಕೆಳಗೆ ಬಿದ್ದರೆ ಪಾಠ ಬದಲಿಸಿ: ತುಣುಕು ಚಿಕ್ಕದು ಮಾಡಿ, ಕಾರ್ಡಿನ ಸಮಯ ಹೆಚ್ಚಿಸಿ. ಬದಲಿಸಿದ ದಿನವನ್ನು ಗ್ರಾಫಿನಲ್ಲಿ ಮೇಲಿನಿಂದ ಕೆಳಕ್ಕೆ ಎಳೆದ ಚುಕ್ಕೆಗೆರೆಯಾಗಿ ಗುರುತಿಸಿ.

ಮುಂದೆ ನೂರಾರು ಮಕ್ಕಳ ಸಮೀಕ್ಷೆ ಮಾಡುವ ದಿನ ಬಂದರೆ ಒಂದು ಲೆಕ್ಕ ಗೊತ್ತಿರಲಿ. ಒಂದೇ ಶಾಲೆಯ ಮಕ್ಕಳು ಒಬ್ಬರಂತೆ ಒಬ್ಬರು ಇರುತ್ತಾರೆ, ಟೀಚರ್ ಒಬ್ಬರೇ. ಆ ಹೋಲಿಕೆಯ ಅಳತೆ 0.2 ಎಂದಿಟ್ಟುಕೊಳ್ಳಿ (0 ಎಂದರೆ ಹೋಲಿಕೆಯೇ ಇಲ್ಲ, 1 ಎಂದರೆ ಎಲ್ಲರೂ ಒಂದೇ). 10 ಶಾಲೆಯಿಂದ 20ರಂತೆ 200 ಮಕ್ಕಳನ್ನು ತೆಗೆದರೆ, ಶಾಲೆಯ 20ರಲ್ಲಿ ಒಂದು ಕಳೆದು, 1 + (19 × 0.2), ಅಂದರೆ 4.8ರಿಂದ ಭಾಗಿಸಬೇಕು, 200 ಮಕ್ಕಳ ತೂಕ 42ಕ್ಕೆ ಇಳಿಯುತ್ತದೆ. ಅದೇ 200ನ್ನು 25 ಶಾಲೆಯಿಂದ 8ರಂತೆ ತೆಗೆದರೆ ತೂಕ 83. ಓಡಾಟ ಹೆಚ್ಚು, ಆದರೆ ಪ್ರಬಂಧ ನಿಲ್ಲುತ್ತದೆ.

ಅನುಮತಿ ಮತ್ತು ಪಂಚಾಂಗ

ಮೊದಲು ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ, ಆಮೇಲೆ ಜಿಲ್ಲಾ ಉಪನಿರ್ದೇಶಕರಿಗೆ, ಅಂದರೆ ಡಿಡಿಪಿಐ ಕಚೇರಿಗೆ ಅರ್ಜಿ, ಅಲ್ಲಿಂದ ಬಿಇಒ, ಕೊನೆಗೆ ಮುಖ್ಯ ಶಿಕ್ಷಕರು. ಪ್ರತಿ ಮೇಜಿನಲ್ಲೂ ಸ್ವೀಕೃತಿ ಮೊಹರು ಹಾಕಿಸಿಕೊಂಡು ಪ್ರತಿ ಇಟ್ಟುಕೊಳ್ಳಿ. ಅರ್ಜಿ ಒಂದೇ ಪುಟ, ಕನ್ನಡದಲ್ಲಿ: ಎಷ್ಟು ಮಕ್ಕಳು, ದಿನಕ್ಕೆ ಎಷ್ಟು ನಿಮಿಷ, ಯಾವ ಪೀರಿಯಡ್, ಶಾಲೆಯ ಹೆಸರು ಬಹಿರಂಗವಾಗುವುದಿಲ್ಲ ಎಂಬ ಮಾತು. ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗೆ (ಸಿಆರ್‌ಪಿ) ಮತ್ತು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರಿಗೂ ವಿಷಯ ಮುಟ್ಟಿಸಿ. ಕಾಗದ ಬೇಡದ ಈ ಎರಡು ಭೇಟಿಗಳೇ ಮುಂದೆ ನಿಮ್ಮನ್ನು ಕಾಯುವುದು.

ತಂದೆತಾಯಿಯ ಒಪ್ಪಿಗೆ ಸಹಿ ಅಥವಾ ಹೆಬ್ಬೆಟ್ಟಿನಿಂದ. ಹೆಬ್ಬೆಟ್ಟಾದರೆ ಓದಿ ಹೇಳಿದ್ದಕ್ಕೆ ಸಾಕ್ಷಿ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ 7ರಿಂದ 12 ವರ್ಷದ ಮಗುವಿನ ಬಾಯಿಮಾತಿನ ಒಪ್ಪಿಗೆಯೂ, ಅದಕ್ಕಿಂತ ದೊಡ್ಡವರಾದರೆ ಬರಹದ ಒಪ್ಪಿಗೆಯೂ ಬೇಕು. ‘ಇವತ್ತು ಬೇಡ ಸಾರ್’ ಎಂದ ಮಗುವನ್ನು ಅಂದು ಬಿಡಲೇಬೇಕು. ಗೋಪ್ಯತೆಗೂ ಮಿತಿ ಇದೆ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡುವುದು ಕಡ್ಡಾಯ, ಮಾಡದಿದ್ದರೆ ಶಿಕ್ಷೆ. ಮಕ್ಕಳ ಸಹಾಯವಾಣಿ 1098 ನಿಮ್ಮ ಫೋನಿನಲ್ಲಿರಲಿ.

ದಿನಗಳ ಲೆಕ್ಕ ಹೀಗೆ. ಜೂನ್ ದಾಖಲಾತಿ ಮತ್ತು ಸೇತುಬಂಧಕ್ಕೆ (ಹಿಂದಿನ ತರಗತಿಯ ಪಾಠದ ಮೆಲುಕಿಗೆ) ಹೋಗುತ್ತದೆ, ಆಗ ಶಾಲೆಗೆ ತೊಂದರೆ ಕೊಡಬೇಡಿ. ಅನುಮತಿ ಅಷ್ಟರೊಳಗೆ ಕೈಯಲ್ಲಿರಲಿ. ಜುಲೈ ಮೊದಲ ವಾರದಿಂದ ಮಂಗಳವಾರ, ಶುಕ್ರವಾರ ಅಳೆದರೆ 21 ಅಳತೆಗೆ ಸುಮಾರು 11 ವಾರ, ದಸರಾ ರಜೆಗೆ ಮೊದಲು ಮುಗಿಯುತ್ತದೆ. ಸೋಮವಾರ ಹಾಜರಿ ತೆಳು, ಶನಿವಾರ ಅರ್ಧ ದಿನ. ಉಳಿದ ಮೂರು ಪಠ್ಯವನ್ನು ರಜೆ ಮುಗಿದ ಮೇಲೆ ಓದಿಸಿ. ಕಲಿತದ್ದು ಉಳಿದಿದೆಯೇ ಎಂಬುದು ಗೊತ್ತಾಗುವುದು ಆಗಲೇ. ಎರಡನೇ ಅವಧಿಗೆ ಇಟ್ಟುಕೊಂಡವರಿಗೆ ಚಳ್ಳಕೆರೆ ಕಡೆ ಶೇಂಗಾ ಕೀಳುವುದು, ಚನ್ನಗಿರಿಯಲ್ಲಿ ಅಡಿಕೆ ಸುಲಿಯುವುದು, ಮೆಕ್ಕೆಜೋಳದ ಒಕ್ಕಣೆ ಎದುರಾಗುತ್ತವೆ. ಮಾರ್ಚ್ ಹೊತ್ತಿಗೆ ನಾಯಕನಹಟ್ಟಿ ಜಾತ್ರೆ. ಮಗು ಗೈರಾದ ದಿನದ ಅಳತೆ ಖಾಲಿ ಬಿಡಿ, ಮರುದಿನದ ಅಂಕವನ್ನು ಅಲ್ಲಿ ತುಂಬಬೇಡಿ.

ಬರೆಯುವುದು, ಕೊಡುವುದು

ಒಪ್ಪಿತ ಸಂಶೋಧನಾ ಪತ್ರಿಕೆಗಳನ್ನು ಹೆಸರಿಸುತ್ತಿದ್ದ ಯುಜಿಸಿ-ಕೇರ್ ಪಟ್ಟಿ 2025ರಲ್ಲಿ ನಿಂತುಹೋಗಿದೆ, ಹಾಗಾಗಿ ಪತ್ರಿಕೆಯ ಗುಣ ತೂಗುವ ಹೊಣೆ ಈಗ ನಿಮ್ಮದೇ. ಮೂರು ದಿನದಲ್ಲಿ ಪ್ರಕಟಿಸುತ್ತೇವೆ, ಇಷ್ಟು ಹಣ ಕಳಿಸಿ ಎನ್ನುವ ಮೇಲ್ ಬಂದರೆ ಅಳಿಸಿಬಿಡಿ. ಪತ್ರಿಕೆ ಸ್ಕೋಪಸ್ ಎಂಬ ಸಂಶೋಧನಾ ಸೂಚಿಯಲ್ಲಿದೆ ಎಂದು ಅದರದೇ ಮುಖಪುಟ ಹೇಳಿದರೆ ಸಾಲದು, ಸ್ಕೋಪಸ್‌ನ ಜಾಲತಾಣದಲ್ಲೇ ಹುಡುಕಿ. ‘ಸ್ಕೂಲ್ ಸೈಕಾಲಜಿ ಇಂಟರ್‌ನ್ಯಾಷನಲ್’ನಂಥ ಪತ್ರಿಕೆಗೆ ಕಳಿಸುವಾಗ ಅಕ್ಷರ ಎಂದರೇನು, ಪದದ ಬದಲು ಅದನ್ನೇಕೆ ಎಣಿಸಿದಿರಿ ಎಂಬುದಕ್ಕೆ ಒಂದು ಪೂರ್ತಿ ಪ್ಯಾರಾ ಕೊಡಿ. ವಿಮರ್ಶಕರ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.

ಶಾಲೆಗೆ ಕೊಡಬೇಕಾದದ್ದು ಇನ್ನೂ ಇದೆ. ಪ್ರತಿ ಮಗುವಿನ ಗ್ರಾಫನ್ನು ಒಂದು ಪುಟದಲ್ಲಿ, ಕೆಳಗೆ ಎರಡು ಸಾಲು ಕನ್ನಡದಲ್ಲಿ ಬರೆದು ಟೀಚರಿಗೆ ಕೊಡಿ. ಪೋಷಕರಿಗೆ ಹೇಳುವಾಗ ಬೇರೆ ಮಗುವಿನ ಅಂಕ ಎತ್ತಬೇಡಿ. ಒತ್ತಕ್ಷರದ ಕಾರ್ಡು ಮತ್ತು ಪಾಠದ ತುಣುಕುಗಳನ್ನು ಲ್ಯಾಮಿನೇಟ್ ಮಾಡಿಸಿ ಶಾಲೆಯಲ್ಲೇ ಬಿಟ್ಟು ಬನ್ನಿ. ಅಳತೆಯ 24 ಪಠ್ಯ ಮಾತ್ರ ನಿಮ್ಮ ಬೀರುವಿನಲ್ಲೇ ಇರಲಿ, ಮುಂದಿನ ವರ್ಷ ಪಕ್ಕದ ತಾಲ್ಲೂಕಿಗೆ ಅವು ಬೇಕಾಗುತ್ತವೆ.